ಕಣ್ಣಿರುವಷ್ಟರಲ್ಲಿ ಒಂದು ಹಂದಿ

ಮೊದಲ ನೋಟಕ್ಕೆ ಗಣಪತಿ ಒಳ್ಳೆಯ ಮಾಲು. ಎತ್ತರ ಆರಡಿಗೆ ಒಂದಿಷ್ಟು ಕಡಿಮೆ, ಹೆಗಲು ಅಗಲ, ಐವತ್ತು ದಾಟಿದ್ದರೂ ಹೊಟ್ಟೆ ಬಂದಿಲ್ಲ, ಮೀಸೆಗೆ ಬಣ್ಣ ಹಚ್ಚುವ ಚಟವಿಲ್ಲ. ಪಿಲ್ಬರಾದ ಕಬ್ಬಿಣದ ಗಣಿಯಲ್ಲಿ ಬಂಡೆ ಸಿಡಿಸುವ ಎಂಜಿನಿಯರ್ ಆಗಿ ವರ್ಷಗಟ್ಟಲೆ ಬಿಸಿಲು ಕುಡಿದ ಚರ್ಮ. ಇನ್ನೂ ಅಷ್ಟೇ ವರ್ಷ ಬಾಳಿಕೆ ಬರುವಂಥದ್ದು. ಚೌಕಾಸಿ ಮಾಡುವುದಿಲ್ಲ, ಹಾಗಂತ ಮೋಸ ಹೋಗುವವನೂ ಅಲ್ಲ. ಪರ್ತಿನ ಥಾರ್ನ್ಲಿಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಶ್ರೀಪತಿ ಶೆಟ್ಟಿ, ಎಂದರೆ ಇದನ್ನು ಬರೆಯುತ್ತಿರುವ ಆಸಾಮಿ, ಬಾಗಿಲು ದಾಟಿ ಬಂದವರನ್ನೆಲ್ಲ ಹೀಗೆ ಅಳೆದು ತೂಗಿಯೇ ಜೀವನ ಮಾಡಿದವನು. ಗಣಪತಿಯನ್ನು ಅವನು ಮೊದಲ ದರ್ಜೆಯ ಸಾಲಿನಲ್ಲಿ ಇಟ್ಟಿದ್ದ. ಒಳಗೆ ಹುಳ ಬಿದ್ದಿರುವುದು ಶೆಟ್ಟಿಗೂ ಗೊತ್ತಾಗಿರಲಿಲ್ಲ, ಗಣಪತಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಹೀಗೆ. ಒಂದು ಸಂಜೆ ಗಣಪತಿ ಕಾಚಂಪುಳಿ ತೆಗೆದುಕೊಂಡು ಹೋಗಲು ಬಂದ. ಕೊಡಗಿನ ಆ ಕಪ್ಪು ಹುಳಿಯ ಸೀಸೆಯನ್ನು ಶೆಟ್ಟಿ ಅವನೊಬ್ಬನಿಗಾಗಿ ತರಿಸುತ್ತಿದ್ದ ಎಂದರೂ ಸರಿಯೇ. ಕೌಂಟರಿನ ಬದಿಗೆ ಪೇರಿಸಿದ್ದ ಅಕ್ಕಿ ಮೂಟೆಗೆ ಗಣಪತಿ ಎಡವಿ ಬಿದ್ದ. ಎದ್ದು ಪ್ಯಾಂಟು ಕೊಡವಿಕೊಂಡು ತಿರುಗಿದವನು ಇನ್ನೊಂದು ಬದಿಯ ತೆಂಗಿನಕಾಯಿ ಬುಟ್ಟಿಗೆ ಎಡವಿದ.

"ಏನ್ ಗಣಪತಿಯವ್ರೇ, ಸೂರ್ಯ ಮುಳುಗೋ ಮುಂಚೇನೇ ಶುರು ಮಾಡ್ಬಿಟ್ರಾ?" ಎಂದ ಶೆಟ್ಟಿ.

"ಕುಡ್ದಿದ್ರೆ ಇಷ್ಟೊತ್ತಿಗೆ ನಿಮ್ ಹತ್ರ ಸಾಲ ಕೇಳ್ತಿದ್ದೆ ಶೆಟ್ರೇ," ಎಂದು ಗಣಪತಿ ನಕ್ಕ. ನಕ್ಕವನು ಬಾಗಿಲಿನ ಚೌಕಟ್ಟಿಗೆ ಹೆಗಲು ಹೊಡೆಸಿಕೊಂಡು ಹೊರಗೆ ಹೋದ.

ಗಣಿಯ ಕಂಪನಿ ವರ್ಷಕ್ಕೊಮ್ಮೆ ಮಾಡಿಸುವ ಆರೋಗ್ಯ ತಪಾಸಣೆಯಲ್ಲಿ ಅದಕ್ಕೆ ಹೆಸರು ಸಿಕ್ಕಿತು. ಪರ್ತಿನದೇ ಮೋರ್ಲಿ ಬಡಾವಣೆಯಲ್ಲಿ ಕಣ್ಣಿನ ಡಾಕ್ಟರಾಗಿರುವ ಅಪರ್ಣಾ ಮೈಸೂರಿನವಳು, ಕನ್ನಡದಲ್ಲೇ ಹೇಳಿದಳು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಳಕ್ಕೆ ಸಾಯುತ್ತಾ ಬರುವ ಕಾಯಿಲೆ. ಮೊದಲು ಇರುಳುಗುರುಡು. ಆಮೇಲೆ ಅಕ್ಕಪಕ್ಕದ ನೋಟ ಹೋಗುತ್ತದೆ. ಕೊಳವೆಯೊಳಗಿಂದ ನೋಡಿದ ಹಾಗೆ ನಡುವಿನ ಒಂದು ತುಂಡು ಮಾತ್ರ ಉಳಿಯುತ್ತದೆ. ಕೊನೆಗೆ ಆ ತುಂಡೂ ಉಳಿಯುವುದು ಕಷ್ಟ.

"ಔಷಧಿ?" ಎಂದು ಕೇಳಿದ ಗಣಪತಿ.

"ನಿಮಗಾಗೋ ಅಂಥದ್ದು ಸದ್ಯಕ್ಕೆ ಇಲ್ಲ ಅಂಕಲ್."

"ಎಷ್ಟು ದಿನ?"

"ಹಾಗೆಲ್ಲ ಹೇಳಕ್ಕಾಗಲ್ಲ. ಹಗಲು ಹೊತ್ತಲ್ಲಿ ಇನ್ನೊಂದೆರಡು ವರ್ಷ ಮ್ಯಾನೇಜ್ ಆಗ್ಬೋದು. ಡ್ರೈವಿಂಗ್ ಇವತ್ತಿಂದಾನೇ ಬಿಡಿ."

"ಕೋವಿ?"

ಅಪರ್ಣಾ ಪೆನ್ನಿನ ಮುಚ್ಚಳ ಹಾಕಿದಳು. "ಆ ಪ್ರಶ್ನೆ ನನ್ನನ್ನ ಕೇಳ್ಬೇಡಿ ಅಂಕಲ್. ಕೇಳಿದ್ರೆ ನಾನು ಉತ್ತರ ಹೇಳ್ಬೇಕಾಗತ್ತೆ."

ಗಣಪತಿ ಮತ್ತೆ ಕೇಳಲಿಲ್ಲ. ಬಂಡೆ ಸಿಡಿಸುವ ಜಾಗಕ್ಕೆ ಇಂಥ ಕಣ್ಣಿನವನನ್ನು ಯಾರೂ ಬಿಡುವುದಿಲ್ಲ, ಸರಿಯೇ. ಕಂಪನಿ ಗೌರವದಿಂದ ಬೀಳ್ಕೊಟ್ಟಿತು. ಅವನು ಕೆಲಸಕ್ಕಾಗಿ ಅಳಲಿಲ್ಲ, ಕಾರಿಗಾಗಿಯೂ ಅಳಲಿಲ್ಲ. ಅವನ ಹೊಟ್ಟೆಯೊಳಗೆ ಕೂತು ಕೊರೆಯುತ್ತಿದ್ದುದು ಒಂದು ಹಂದಿ.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಣಪತಿ ಕೊಡವರವನು. ಅವನ ಅಜ್ಜ ಬೇಟೆಗಾರ. ಗಣಪತಿ ಹುಟ್ಟುವ ಹೊತ್ತಿಗೆ ಕಾಡಿನಲ್ಲಿ ಬೇಟೆ ಕಾನೂನಿಗೆ ವಿರುದ್ಧವಾಗಿತ್ತು. ಗೋಡೆಯ ಮೇಲೆ ಕೋವಿ ಇತ್ತು, ಹಬ್ಬಕ್ಕೆ ಅದಕ್ಕೆ ಹೂ ಏರುತ್ತಿತ್ತು, ಅದರಿಂದ ಒಂದು ಈಡು ಹಾರಿದ್ದನ್ನು ಅವನು ಕಂಡಿರಲಿಲ್ಲ. ಕೇಳಿದ್ದು ಮಾತ್ರ ಬೇಕಾದಷ್ಟು. ಅದರಲ್ಲೂ ಪಾಲಿನ ಕತೆ. ಹಂದಿ ಬಿದ್ದರೆ ಅದು ಹೊಡೆದವನದ್ದಲ್ಲ. ಜೊತೆಗೆ ನಿಂತವರಿಗೆಲ್ಲ ಸಮಪಾಲು, ಪೊದೆ ಸೋವಿ ಹಂದಿ ಎಬ್ಬಿಸಿದವರಿಗೆ ಪಾಲು, ನಾಯಿಗೆ ಪಾಲು, ಕೊಯ್ಯುವ ಹೊತ್ತಿಗೆ ದಾರಿಯಲ್ಲಿ ಹೋಗುತ್ತಿದ್ದು ನಿಂತು ನೋಡಿದವನಿಗೂ ಒಂದು ಪಾಲು. ಹಾಗೆ ಒಂದು ಸಲ ಹಂಚಿದವನು ಮಾತ್ರ ಅವರ ಮನೆಯಲ್ಲಿ ಗಂಡಸು ಎನಿಸಿಕೊಳ್ಳುತ್ತಿದ್ದ. ಗಣಪತಿ ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಲೈಸೆನ್ಸ್ ಮಾಡಿಸಿ, ಪರ್ತಿನ ಪೂರ್ವಕ್ಕೆ ಗೋಧಿ ಬೆಳೆಯುವ ರೈತನೊಬ್ಬನ ಹೊಲದಲ್ಲಿ ಮೊಲ ಹೊಡೆದಿದ್ದ, ನರಿ ಹೊಡೆದಿದ್ದ. ಮೊಲವನ್ನು ಎಷ್ಟು ಜನಕ್ಕೆ ಹಂಚುವುದು? ನರಿಯನ್ನು ಯಾರು ತಿನ್ನುತ್ತಾರೆ? ಸೆಪ್ಟೆಂಬರಿನ ಆಯುಧದ ಹಬ್ಬ ಕೈಲ್ ಮುಹೂರ್ತಕ್ಕೆ ಪರ್ತಿನ ಕೊಡವರು ಪಾರ್ಕಿನಲ್ಲಿ ಸೇರಿ ಬಾರ್ಬಿ ಒಲೆ ಹೊತ್ತಿಸಿದಾಗ ಪ್ರತಿವರ್ಷ ಬೇಯುತ್ತಿದ್ದುದು ಸೂಪರ್‌ಮಾರ್ಕೆಟ್ಟಿನ ಪ್ಲಾಸ್ಟಿಕ್ ತಟ್ಟೆಯ ಹಂದಿ.

ಮುಂದಿನ ವರ್ಷ, ಮುಂದಿನ ವರ್ಷ ಎಂದು ಮುಂದೂಡುತ್ತಾ ಬಂದವನಿಗೆ ಈಗ ವರ್ಷಗಳೇ ಉಳಿದಿರಲಿಲ್ಲ. ಇರುಳು ಆಗಲೇ ಹೋಗಿತ್ತು. ಹಗಲು ಹೋಗುವುದರೊಳಗೆ ತನ್ನ ಕೈಯಾರೆ ಒಂದು ಹಂದಿ ಬೀಳಿಸಿ, ಪಾಲು ಹಾಕಿ ಹಂಚಬೇಕು. ಎರಡು ದಿನಕ್ಕೆ ಹೋಗಿ ಬರುವವನಿಗೆಂದು ಹಂದಿ ಕಾದು ನಿಲ್ಲುವುದಿಲ್ಲ; ಅಂಥ ಹಂದಿ ಸಿಗುವ ಕಡೆಗೆ ಮನೆಯನ್ನೇ ಕಿತ್ತುಕೊಂಡು ಹೋಗಬೇಕು. ಇದು ಹಟವೋ ಹುಚ್ಚೋ ಎಂದು ತೀರ್ಮಾನಿಸುವ ಕೆಲಸ ಅಂಗಡಿಯವನದ್ದಲ್ಲ.

ಅದು ಅವನ ಹೆಂಡತಿ ದೇವಕಿಯ ಪಾಲಿಗೆ ಬಂತು. ದೇವಕಿ ನಂಜನಗೂಡಿನ ಲಿಂಗಾಯತರ ಮನೆಯ ಹೆಣ್ಣು. ಮಾಂಸ ಮುಟ್ಟಿದವಳಲ್ಲ, ಮದುವೆಯಾದ ಮೇಲೆ ಉಸಿರು ಬಿಗಿಹಿಡಿದು ಪಂದಿಕರಿ ಮಾಡುವುದನ್ನು ಕಲಿತವಳು. ಉಪ್ಪು ನೋಡದೆಯೇ ಸರಿಯಾಗಿ ಹಾಕುತ್ತಾಳೆ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಸಂಸಾರದ ಮಾತಿನ ನಡುವೆ ಸಿಕ್ಕಿಹಾಕಿಕೊಂಡ ಶೆಟ್ಟಿ ಅವರ ಅಡುಗೆಮನೆಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದ ದಿನ ಅವಳು ಗಂಡನಿಗೆ ಹೇಳಿದಳು:

"ನೋಡ್ರಿ, ಪಿಲ್ಬರಾ ಅಂದ್ರಿ, ಬಂದೆ. ಕಾಲ್ಗೂರ್ಲಿ ಅಂದ್ರಿ, ಬಂದೆ. ಪರ್ತ್ ಅಂದ್ರಿ, ಬಂದೆ. ಈಗ ಹಂದಿ ಅಂತೀರಿ. ಅದಕ್ಕೂ ಬರ್ತೀನಿ. ಒಂದೇ ಸಲ. ಊರು ನೀವೇ ಆರ್ಸಿ. ಆರ್ಸಿದ್ದು ತಪ್ಪಾದ್ರೆ ಇನ್ನೊಂದ್ ಸಲ ಡಬ್ಬ ಕಟ್ಟೋಕೆ ನನ್ನ ಕೈಲಾಗಲ್ಲ. ನಿಮ್ಮ ಕಣ್ಣು ಹೋದ್ಮೇಲೆ ನಿಮ್ಮನ್ನ ನೋಡ್ಕೊಳ್ಳೋಕೆ ನಂಗೆ ಗೊತ್ತಿರೋ ಬೀದಿ ಬೇಕು, ಗೊತ್ತಿರೋ ಬಸ್ಸು ಬೇಕು."

"ಒಂದೇ ಸಲ," ಎಂದ ಗಣಪತಿ.

ಮಗಳು ಶರ್ವಾಣಿ ಫ್ರಿಜ್ಜಿನ ಬಾಗಿಲು ತೆಗೆದು ನಿಂತಿದ್ದವಳು ಎಲ್ಲ ಕೇಳಿಸಿಕೊಂಡು, "ಡ್ಯಾಡ್, ಇಟ್ಸ್ ಜಸ್ಟ್ ಅ ಪಿಗ್," ಎಂದಳು. ಅಪ್ಪ ಅವಳ ದನಿ ಬಂದ ಕಡೆಗೆ ಪೂರ್ತಿ ಕತ್ತು ತಿರುಗಿಸಿ ನೋಡಿದ. ಆಗಲೇ ಅವನು ಹಾಗೆ ನೋಡಲು ಶುರುಮಾಡಿದ್ದ, ಗೂಬೆಯ ಹಾಗೆ. ಅವಳು ಫ್ರಿಜ್ಜಿನ ಬಾಗಿಲು ಮುಚ್ಚಿದಳು.

ಊರು ಆರಿಸುವ ಕೆಲಸಕ್ಕೆ ಗಣಪತಿ ಶೆಟ್ಟಿಯನ್ನು ಹಿಡಿದ. ಕಾರಣವಿತ್ತು. ಶೆಟ್ಟಿ ಅಡಿಲೇಡ್ ಮತ್ತು ಬ್ರಿಸ್ಬೇನಿನ ಅಂಗಡಿಗಳಿಗೂ ಸಾಮಾನು ಕಳಿಸುವವನು. ವರ್ಷಕ್ಕೆ ಎರಡು ಸಲ ಆ ಊರುಗಳ ನೀರು ಕುಡಿಯುವವನು. ಬೇಟೆಯ ಬಗ್ಗೆ ಅವನಿಗೆ ಏನೂ ಗೊತ್ತಿಲ್ಲ. ಎಲ್ಲಿ ಏನು ಸಿಗುತ್ತದೆ, ಅದನ್ನು ಸಿಗದಂತೆ ಯಾರು ಮಾಡುತ್ತಾರೆ ಎಂಬುದು ಗೊತ್ತು.

"ಮೊದ್ಲು ಪರ್ತೇ ನೋಡಣ," ಎಂದ ಶೆಟ್ಟಿ. "ಇಲ್ಲೇನ್ ಕಮ್ಮಿ?"

"ಇಲ್ಲಿ ನನಗೆ ಸಿಕ್ಕಿರೋದು ನರಿ, ಮೊಲ. ಅದೂ ರಾತ್ರಿ, ಗಾಡಿ ಮೇಲೆ ಲೈಟ್ ಇಟ್ಕೊಂಡು. ರಾತ್ರಿ ನನಗಿನ್ನು ಇಲ್ಲ. ಸರ್ಕಾರಿ ಕಾಡಲ್ಲಿ ಹಂದಿ ಇದೆ, ಅಲ್ಲಿ ಕೋವಿ ಎತ್ತೋ ಹಾಗಿಲ್ಲ. ಖಾಸಗಿ ಜಮೀನಾದ್ರೆ ಮಾಲೀಕನ ಒಪ್ಪಿಗೆ ಬೇಕು. ಹಂದಿ ಇರೋ ರೈತರನ್ನೆಲ್ಲ ಬೇರೆಯವರು ಆಗ್ಲೇ ಹಿಡ್ಕೊಂಡ್ಬಿಟ್ಟಿದ್ದಾರೆ."

"ಉತ್ತರಕ್ಕೆ ಹೋದ್ರೆ? ದನ ಸಾಕೋ ದೊಡ್ಡ ದೊಡ್ಡ ಸ್ಟೇಷನ್ನು, ಹಗಲೇ ಬೇಟೆ."

"ಅಲ್ಲಿ ದೇವಕಿಗೆ ಲ್ಯಾಬಿಲ್ಲ, ನನಗೆ ಕಣ್ಣಿನ ಡಾಕ್ಟ್ರಿಲ್ಲ. ಕಣ್ಣು ಹೋದ ದಿನ ಅಲ್ಲಿ ನನ್ನನ್ನ ಒಂಟೆ ನೋಡ್ಕೊಳತ್ತಾ?"

ಪರ್ತ್ ಹೋಯಿತು. ಸರಕಿದೆ, ಮಳಿಗೆಯ ಬಾಗಿಲು ಮುಚ್ಚಿದೆ.

ಅಡಿಲೇಡಿಗೆ ಇಬ್ಬರೂ ಹೋದರು. ಶೆಟ್ಟಿಗೆ ಅಲ್ಲಿ ಮಸಾಲೆ ವ್ಯಾಪಾರದ ಮಾತಿತ್ತು. ಗಣಪತಿ ಬಾಡಿಗೆ ಕಾರಿನ ಎಡಗಡೆ ಕೂತು ಗುಡ್ಡಗಳನ್ನು ನುಂಗುವವನ ಹಾಗೆ ನೋಡುತ್ತಿದ್ದ. ನೋಡಲು ಬೇಕಾದಷ್ಟಿತ್ತು. ಹುಲ್ಲುಗಾವಲು, ಒಣ ಮರ, ಬೇಲಿಯ ಆಚೆ ಜಿಂಕೆಗಳ ಹಿಂಡು, ಮಧ್ಯಾಹ್ನದ ಬಿಸಿಲಿನಲ್ಲಿ ಬಿಟ್ಟಿ ಬಿದ್ದ ಹಾಗೆ. ಹಂದಿಯಲ್ಲದಿದ್ದರೆ ಜಿಂಕೆಯೂ ಆದೀತು ಎಂದು ಗಣಪತಿಯ ಮನಸ್ಸು ಇಳಿಯತೊಡಗಿತ್ತು. ಅಲ್ಲಿ ಡಾಕ್ಟರಾಗಿರುವ ರಾಘವ, ಗಣಪತಿಯ ಹಳೆಯ ಸ್ನೇಹಿತ, ರಾತ್ರಿ ಊಟಕ್ಕೆ ಕರೆದು ತಣ್ಣೀರು ಎರಚಿದ.

"ಜಿಂಕೇನ? ಬೇಗ ನೋಡ್ಕೊಂಡ್ಬಿಡು. ಅವುಗಳನ್ನ ಪೂರ್ತಿ ಮುಗ್ಸೋದಂತ ಸರ್ಕಾರ ಹೊರಟಿದೆ. ಹೆಲಿಕಾಪ್ಟರಲ್ಲಿ ಬಂದು ಹೊಡೀತಾರೆ. ಈ ವರ್ಷ ಇರೋ ಹಿಂಡು ಬರೋ ವರ್ಷ ಇಲ್ಲ."

"ಒಂದು ಸಾಕು ನನಗೆ," ಎಂದ ಗಣಪತಿ.

"ಒಂದಕ್ಕೋಸ್ಕರ ಮನೆ ಮಾರ್ತೀಯೇನೋ?"

ಗಣಪತಿ ಅನ್ನ ಕಲಸುತ್ತಾ ಕೂತ. ಶೆಟ್ಟಿ ಉತ್ತರ ಕೊಟ್ಟ: "ಅಲ್ಲ ಸ್ವಾಮಿ, ಕ್ಲಿಯರೆನ್ಸ್ ಸೇಲ್ ನಡೀತಿರೋ ಅಂಗಡೀಲಿ ಪಾರ್ಟ್ನರ್ ಆಗ್ತೀನಿ ಅಂದ್ರೆ ಹ್ಯಾಗೆ?"

ರಾಘವ ನಕ್ಕ. ಗಣಪತಿ ನಗಲಿಲ್ಲ. ವಾಪಸು ಬರುವಾಗ ವಿಮಾನದಲ್ಲಿ ಅವನು ಒಂದು ಕಣ್ಣು ಮುಚ್ಚಿಕೊಂಡು, ಮೂಗಿನ ನೇರಕ್ಕೆ ಬೆರಳು ಹಿಡಿದು, ಅದನ್ನು ಮೆಲ್ಲಗೆ ಕಿವಿಯ ಕಡೆಗೆ ಸರಿಸುತ್ತಿದ್ದ. ಎಲ್ಲಿ ಬೆರಳು ಮಾಯವಾಗುತ್ತದೆ ಎಂದು ದಿನಾ ಪರೀಕ್ಷೆ ಮಾಡಿಕೊಳ್ಳುವುದು ಅವನಿಗೆ ಅಭ್ಯಾಸವಾಗಿತ್ತು. ಅವತ್ತು ಬೆರಳು ಹುಬ್ಬಿನ ತುದಿ ದಾಟುವ ಮೊದಲೇ ಮಾಯವಾಯಿತು. ಗಗನಸಖಿ ಏನಾದರೂ ಬೇಕೇ ಎಂದು ಬದಿಯಿಂದ ಮೂರು ಸಲ ಕೇಳಿದಳು. ಅವಳು ಅಲ್ಲಿರುವುದೇ ಅವನಿಗೆ ತಿಳಿಯಲಿಲ್ಲ.

ಉಳಿದದ್ದು ಬ್ರಿಸ್ಬೇನ್. ಅಲ್ಲಿಂದ ಪಶ್ಚಿಮಕ್ಕೆ ಗಂಟೆಗಟ್ಟಲೆ ಹೋದರೆ ಜೋಳ, ಹತ್ತಿ ಬೆಳೆಯುವ ಬಯಲು; ಬಯಲಿನ ತುಂಬ ಕಾಡುಹಂದಿ. ಬೆಳೆ ಹಾಳುಮಾಡುವ ಹಂದಿಯನ್ನು ಕೊಂದರೆ ರೈತ ಬೇಡ ಎನ್ನುವುದಿಲ್ಲ. ದಾರಿಯಲ್ಲಿ ಸಿಗುವ ಟುವೂಂಬಾದಲ್ಲಿ ಆಸ್ಪತ್ರೆ ಇದೆ, ಲ್ಯಾಬಿದೆ, ಬಸ್ಸಿದೆ. ದೇವಕಿ ಫೋನಿನಲ್ಲಿ ಆ ಊರಿನ ಬಾಡಿಗೆ ಮನೆಗಳನ್ನು ನೋಡಲು ಶುರುಮಾಡಿದ್ದಳು. ಥಾರ್ನ್ಲಿಯಲ್ಲಿದ್ದ ಅವರ ಮನೆಗೆ ಒಬ್ಬ ಏಜೆಂಟ್ ಬಂದು ಫೋಟೋ ತೆಗೆದುಕೊಂಡು ಹೋಗಿದ್ದ. ಬೇಕಾದದ್ದು ಒಂದೇ: ಅಲ್ಲಿ ಒಬ್ಬ ಜಮೀನುದಾರ 'ಬಾ' ಎಂದು ಬರೆದುಕೊಡಬೇಕು.

ಶೆಟ್ಟಿಯ ಬ್ರಿಸ್ಬೇನ್ ಗಿರಾಕಿಯೊಬ್ಬರಿಗೆ ಬ್ರೆಟ್ ಎಂಬ ರೈತನ ಪರಿಚಯವಿತ್ತು. ಫೋನಿನಲ್ಲಿ ಅವರು ಬ್ರೆಟ್‌ಗೆ ಹೇಳಿದ್ದು ಇಷ್ಟೇ: ಪರ್ತಿನಿಂದ ಇಬ್ಬರು ಬರುತ್ತಾರೆ, ಒಳ್ಳೆಯವರು. ಜೂನ್ ತಿಂಗಳ ಚಳಿಯಲ್ಲಿ ಒಂದು ಮಧ್ಯಾಹ್ನ ಇಬ್ಬರೂ ಅವನ ಅಡುಗೆಮನೆಯ ಮೇಜಿಗೆ ಕೂತರು. ಬ್ರೆಟ್ ಅರವತ್ತರ ಆಸುಪಾಸಿನವನು, ಒಂಟಿ, ಮಾತು ಕಡಿಮೆ. ಚಹಾ ಕೊಟ್ಟ.

ಇಲ್ಲಿ ಗಣಪತಿ ಒಂದು ತಪ್ಪು ಮಾಡಿದ. ತಪ್ಪು ಎಂದರೆ ನಮ್ಮ ಕಡೆಯವರು ಮಾತ್ರ ಮಾಡುವಂಥದ್ದು. ಬಂದ ಕೆಲಸವನ್ನು ಮೊದಲ ಲೋಟಕ್ಕೆ ಬಾಯಿ ಬಿಟ್ಟು ಹೇಳುವುದು ಅವನ ಮನೆತನದಲ್ಲಿ ಹೊಲಸು ನಡತೆ. ಮಳೆ ಹೇಗಾಯಿತು ಎಂದು ಕೇಳಿದ. ದನ ಎಷ್ಟಿವೆ ಎಂದ. ಮಕ್ಕಳು ಎಲ್ಲಿದ್ದಾರೆ, ಅವರಿಗೆ ಮದುವೆ ಆಯಿತೇ ಎಂದ. ಜಮೀನಿನ ಎಲ್ಲೆ ಎಲ್ಲಿಯವರೆಗೆ, ನೀರು ಎಲ್ಲಿಂದ ಎಂದ. ಕೈಯಿಂದ ಮಾಡಿದ ಹಂದಿ ಉಪ್ಪಿನಕಾಯಿಯ ಸೀಸೆಯೊಂದನ್ನು ಮೇಜಿನ ಮೇಲಿಟ್ಟು ಅದರ ಬಗ್ಗೆ ಏನೂ ಹೇಳಲಿಲ್ಲ. ಮೂರನೆಯ ಲೋಟದ ಹೊತ್ತಿಗೆ ಬ್ರೆಟ್‌ನ ಮುಖ ಬಿಗಿಯಿತು.

"ಸರಿ. ಯಾವ ಕಂಪನಿಯವರು ನೀವು? ಸೋಲಾರಾ, ಗ್ಯಾಸಾ? ಎರಡಾದ್ರೂ ಜಮೀನು ಕೊಡಲ್ಲ."

ಗಣಪತಿ ಗಾಬರಿಯಾಗಿ ಶೆಟ್ಟಿಯ ಕಡೆ ಕತ್ತು ತಿರುಗಿಸಿದ. ಶೆಟ್ಟಿ ತನ್ನ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ವ್ಯಾಪಾರ ಮುಗಿಸಿದ: ಇವನಿಗೆ ಹಂದಿ ಹೊಡೆಯಬೇಕು, ನಿಮ್ಮ ಜಮೀನಿನಲ್ಲಿ, ಒಪ್ಪಿಗೆ ಬೇಕು, ಅಷ್ಟೇ.

"ಇಷ್ಟೇನಾ?" ಎಂದ ಬ್ರೆಟ್. "ಮೊದಲೇ ಹೇಳಬಾರದಿತ್ತಾ? ಒಂದು ಗಂಟೆಯಿಂದ ಲಾಯರ್ ನಂಬರ್ ನೆನಪು ಮಾಡಿಕೊಳ್ತಾ ಕೂತಿದ್ದೀನಿ. ಗುಂಡು ಸರಿಯಾಗಿ ಹೊಡೀತೀಯಾ?"

ಶೆಟ್ಟಿ ಹೌದು ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಗಣಪತಿ ಹೇಳಿದ: "ಹೊಡೀತೀನಿ. ಆದ್ರೆ ನನ್ನ ಕಣ್ಣು ಹೋಗ್ತಾ ಇದೆ. ನೇರ ಕಾಣತ್ತೆ. ಅಕ್ಕಪಕ್ಕ ಕಾಣಲ್ಲ. ಸಂಜೆ ಆದ್ಮೇಲೆ ಏನೂ ಕಾಣಲ್ಲ."

ಶೆಟ್ಟಿ ಮೇಜಿನ ಕೆಳಗೆ ಅವನ ಕಾಲನ್ನು ತುಳಿದ. ಮಾಲಿನ ಒಡಕನ್ನು ಗಿರಾಕಿ ಕೇಳುವ ಮೊದಲೇ ತೋರಿಸುವವನನ್ನು ಅವನು ಅದುವರೆಗೆ ಕಂಡಿರಲಿಲ್ಲ. ಕಂಡಿದ್ದರೆ ಅಂಥವನ ಅಂಗಡಿ ಮುಚ್ಚಿಹೋದ ಮೇಲೆ ಕಂಡಿರಬೇಕು.

ಬ್ರೆಟ್ ಉಪ್ಪಿನಕಾಯಿಯ ಸೀಸೆಯನ್ನು ತನ್ನ ಕಡೆಗೆ ಎಳೆದುಕೊಂಡ. ಆಮೇಲೆ ಹೇಳಿದ: "ನಾಳೆ ಬೆಳಿಗ್ಗೆ ಬಾ. ಬಿಸಿಲು ಚೆನ್ನಾಗಿ ಏರಿದ ಮೇಲೆ. ಕೋವಿ ನಂದು. ನಿನ್ನ ಬೆನ್ನ ಹಿಂದೆ ನಾನು ನಿಂತಿರ್ತೀನಿ. ಒಂದು ಈಡು. ಅದನ್ನ ನೋಡಿದ ಮೇಲೆ ಕಾಗದ ಬರೆದುಕೊಡೋದೋ ಬೇಡವೋ ಹೇಳ್ತೀನಿ."

ಅವತ್ತು ಸಂಜೆ ಮೋಟೆಲಿನಿಂದ ಗಣಪತಿ ಹೆಂಡತಿಗೆ ಫೋನ್ ಮಾಡಿದ. "ನಾಳೆ ಗೊತ್ತಾಗತ್ತೆ ದೇವಕಿ."

"ಏಜೆಂಟ್ ಕೇಳ್ತಾ ಇದ್ದ, ಜಾಹೀರಾತು ಹಾಕ್ಲಾ ಅಂತ."

"ನಾಳೆ ಹೇಳ್ತೀನಿ."

"ಭಯ ಆಗ್ತಿದ್ಯಾ?"

ಗಣಪತಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ. ಇದೂ ತಪ್ಪಿದರೆ ನಾಲ್ಕನೆಯ ಊರಿಲ್ಲ, ಮುಂದಿನ ಜೂನ್ ಇಲ್ಲ ಎಂದು ಅವನಿಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. "ಮಫ್ಲರ್ ಹಾಕ್ಕೊಳ್ಳಿ," ಎಂದು ಹೇಳಿ ಅವಳೇ ಫೋನ್ ಇಟ್ಟಳು.

ಮರುದಿನ ಬಿಸಿಲು ಏರಿತು. ಚಳಿಗಾಲದ ಹಂದಿಗಳು ತಡವಾಗಿ ಮೇಯುತ್ತವೆ. ಕೊಯ್ದ ಜೋಳದ ಹೊಲದ ಅಂಚಿಗೆ, ನೀರಿನ ಕಾಲುವೆಯ ಏರಿ ಪಕ್ಕದ ಎತ್ತರದ ಹುಲ್ಲಿನಿಂದ ಅವು ಹೊರಬರುತ್ತವೆ ಎಂದ ಬ್ರೆಟ್. ಯೂಟ್ ಗಾಡಿಯನ್ನು ದೂರದಲ್ಲೇ ನಿಲ್ಲಿಸಿದ. ಗಣಪತಿ ಶೆಟ್ಟಿಯನ್ನು ಕೈಹಿಡಿದು ಕರೆದುಕೊಂಡು ಬಂದು ಗಾಡಿಯ ಎಡ ಬಾಗಿಲಿಗೆ ಒರಗಿಸಿ ನಿಲ್ಲಿಸಿದ.

"ಇಲ್ಲೇ ನಿಂತ್ಕೊಳಿ ಶೆಟ್ರೇ. ನಾನು ಬಾ ಅನ್ನೋವರ್ಗೂ ಅಲ್ಲಾಡ್ಬೇಡಿ."

"ನಾನೇನ್ ಚಿಕ್ಕ ಹುಡುಗನೇನ್ರೀ?"

"ಅಲ್ಲ. ಪಾಲುದಾರ್ರು. ನಿಂತೋರಿಗೂ ಪಾಲಿದೆ."

ಗಣಪತಿ, ಅವನ ಹಿಂದೆ ಬ್ರೆಟ್, ಮುಂದೆ ಹೋಗಿ ಒಂದು ಒಣ ಮರದ ಬೊಡ್ಡೆಯ ಮರೆಗೆ ಕೂತರು. ಕಾಯುವುದು ಶುರುವಾಯಿತು. ಕಾಯುವುದರಲ್ಲಿ ಶೆಟ್ಟಿಗೆ ಅನುಭವವಿದೆ, ಗಲ್ಲಾಪೆಟ್ಟಿಗೆಯ ಹಿಂದೆ ಕೂತು. ನಿಂತು ಕಾಯುವುದು ಬೇರೆ ವಿದ್ಯೆ. ಅಷ್ಟರಲ್ಲಿ ಅವನ ಜೇಬಿನ ಫೋನು ಒಮ್ಮೆ ನಡುಗಿ ಸುಮ್ಮನಾಯಿತು. ಫ್ರೀಮ್ಯಾಂಟಲ್ ಬಂದರಿನಲ್ಲಿ ಅವನ ಅಕ್ಕಿಯ ಕಂಟೇನರು ತಪಾಸಣೆಗೆ ನಿಂತಿತ್ತು. ಪರ್ತಿನ ಗಡಿಯಾರ ಎರಡು ಗಂಟೆ ಹಿಂದೆ, ಆದರೂ ಬಂದರಿನವರು ಬೆಳಗಾಗುವ ಮೊದಲೇ ಕೆಲಸಕ್ಕೆ ಇಳಿಯುತ್ತಾರೆ. ಹೂಂ ಎನ್ನದಿದ್ದರೆ ಸರಕು ಇನ್ನೊಂದು ವಾರ ಅಲ್ಲೇ. ಗಾಡಿಯ ಬಳಿ ಸಿಗ್ನಲ್ ಇಲ್ಲ. ಎತ್ತರದ ಜಾಗ ಎಂದರೆ ಕಾಲುವೆಯ ಏರಿ. ಶೆಟ್ಟಿ ಹೊರಟ. ಬಯಲಲ್ಲೇ ನಡೆದ, ಬೊಡ್ಡೆಯ ಎಡದಿಂದ ಬಲಕ್ಕೆ. ಗಣಪತಿ ತನ್ನ ಕಡೆಗೇ ನೋಡುತ್ತಿದ್ದಾನೆ ಅನ್ನಿಸಿ, ಈಗ ಬಂದೆ ಎಂದು ಕೈ ಬೀಸಿದ. ಆಮೇಲೆ ಹುಲ್ಲಿಗೆ ಇಳಿದು, ಏರಿಯ ಬುಡದಲ್ಲಿ ಒಂದು ಗೆರೆ ಸಿಗ್ನಲ್ ಹತ್ತಿದಲ್ಲಿ ಕುಕ್ಕರುಗಾಲಲ್ಲಿ ಕೂತು ಮೆಸೇಜು ಒತ್ತತೊಡಗಿದ. ಬ್ರೆಟ್‌ನ ದುರ್ಬೀನು ಆಗ ಹೊಲದ ಇನ್ನೊಂದು ತುದಿಯಲ್ಲಿತ್ತು.

ಹಂದಿ ಬಂತು.

ಕರಿಯದು, ಒಂಟಿ, ಬೆನ್ನ ಕೂದಲು ನಿಗುರಿದ್ದು. ಹುಲ್ಲಿನಿಂದ ಹೊರಗೆ ಬಂದು ಅಡ್ಡ ನಿಂತು ನೆಲ ಮೂಸಿತು. ಗಣಪತಿಯ ನೋಟದ ಕೊಳವೆಯ ಸರಿಯಾದ ನಡುವಿಗೆ, ಯಾರೋ ತಂದು ಇಟ್ಟ ಹಾಗೆ. ಅಷ್ಟು ಚೆನ್ನಾಗಿ ಅವನು ತಿಂಗಳುಗಳಿಂದ ಏನನ್ನೂ ಕಂಡಿರಲಿಲ್ಲ. ಕಿವಿಯ ಹರಿದ ಅಂಚು ಕಂಡಿತು, ಕೋರೆಗೆ ಮೆತ್ತಿದ ಮಣ್ಣು ಕಂಡಿತು. ಕೋವಿ ಹೆಗಲಿಗೆ ಕೂತಿತು.

"ಹೊಡಿ," ಎಂದು ಬ್ರೆಟ್ ಉಸಿರಿನಲ್ಲೇ ಹೇಳಿದ.

ಗಣಪತಿಯ ಬೆರಳು ಟ್ರಿಗರಿನ ಮೇಲಿತ್ತು. ಆದರೆ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಅವನಿಗೆ, ಬರೀ ಬಾಯಿಮಾತಿನಲ್ಲಿ ಇಳಿದು ಬಂದಿದ್ದ ಒಂದು ಕಟ್ಟಳೆ ಇತ್ತು: ಈಡಿಗೆ ಮೊದಲು ಜೊತೆಗೆ ನಿಂತವರ ಮುಖ ಒಮ್ಮೆ ನೋಡಬೇಕು. ಒಬ್ಬೊಬ್ಬರದ್ದೂ. ಒಬ್ಬನ ಮುಖ ಸಿಗದಿದ್ದರೂ ಹಂದಿ ನಿನ್ನದಲ್ಲ. ಸರಿಯಾದ ಕಣ್ಣಿನವನಿಗೆ ಅದು ಒಂದು ಕಡೆಗಣ್ಣಿನ ಕೆಲಸ; ಹಂದಿಗೆ ಗೊತ್ತಾಗುವುದೇ ಇಲ್ಲ. ಗಣಪತಿಗೆ ಕಡೆಗಣ್ಣು ಇರಲಿಲ್ಲ. ನೋಡಬೇಕೆಂದರೆ ಪೂರ್ತಿ ಕತ್ತು ತಿರುಗಿಸಬೇಕು. ತಿರುಗಿಸಿದರೆ ಹಂದಿ ಕಣ್ಣಿನಿಂದ ಹೋಗುತ್ತದೆ, ಹೋದದ್ದು ಮತ್ತೆ ಕೊಳವೆಯೊಳಗೆ ಸಿಗುತ್ತದೆಂದು ಏನು ಗ್ಯಾರಂಟಿ?

"ಹೊಡಿ ಮಾರಾಯ."

ಗಣಪತಿ ಕತ್ತು ತಿರುಗಿಸಿದ. ಗಾಡಿ ಸಿಕ್ಕಿತು. ಎಡ ಬಾಗಿಲು ಸಿಕ್ಕಿತು. ಬಾಗಿಲಿನ ಬಳಿ ಯಾರೂ ಇರಲಿಲ್ಲ.

ಅವನು ಕೋವಿ ಇಳಿಸಿದ. ಬೆರಳು ತೆಗೆದು, ಬಾಯಿ ತೆರೆದು, ಇದ್ದ ದನಿಯನ್ನೆಲ್ಲ ಕೂಡಿಸಿ ಕೂಗಿದ: "ಶೆಟ್ರೇ..."

ಹಂದಿ ಒಮ್ಮೆ ತಲೆಯೆತ್ತಿ, ಬಂದ ದಾರಿ ಬಿಟ್ಟು ಹೊಲದ ಉದ್ದಕ್ಕೆ ಓಡಿತು. ಬ್ರೆಟ್ ತನ್ನ ಭಾಷೆಯಲ್ಲಿ ಹಂದಿಯನ್ನೂ, ಗಣಪತಿಯನ್ನೂ, ಇಬ್ಬರನ್ನೂ ಹೆತ್ತವರನ್ನೂ ಬೈದ. ಆ ಬೈಗುಳ ಮುಗಿಯುವ ಮೊದಲು, ಹಂದಿ ಅಡ್ಡ ನಿಂತಿದ್ದ ಜಾಗದ ನೇರ ಹಿಂದೆ, ಹುಲ್ಲಿನೊಳಗಿಂದ ಶೆಟ್ಟಿ ಎದ್ದು ನಿಂತ. ಕೈಯಲ್ಲಿ ಫೋನಿತ್ತು.

"ಏನ್ರೀ, ಕರೆದ್ರಾ?"

ಬ್ರೆಟ್ ಬಾಯಿ ಮುಚ್ಚಿದ. ಹಂದಿ ನಿಂತಿದ್ದ ಜಾಗ ನೋಡಿ, ಶೆಟ್ಟಿಯನ್ನು ನೋಡಿ, ಬೊಡ್ಡೆಯ ಮೇಲೆ ಕೂತುಬಿಟ್ಟ. ಅವನ ಕೋವಿಯ ಗುಂಡು ಹಂದಿಯ ಮೈಯಲ್ಲೇ ನಿಲ್ಲುವಂಥದ್ದಲ್ಲ, ತೂರಿ ಆಚೆಗೂ ಹೋಗುವಂಥದ್ದು. ಆಮೇಲೆ ಎದ್ದು ಗಣಪತಿಯ ಹೆಗಲ ಮೇಲೆ ಕೈಯಿಟ್ಟು ಹೇಳಿದ: "ನಾನಾಗಿದ್ರೆ ಹೊಡೆದಿರ್ತಿದ್ದೆ. ಕಾಗದ ಬರೆದುಕೊಡ್ತೀನಿ. ಬೇಕಾದಾಗ ಬಾ. ನಿನ್ನಂಥವನಿಗೆ ಕೊಡದೆ ಇನ್ಯಾರಿಗೆ ಕೊಡಲಿ?"

ಮೂರು ಊರು ಸುತ್ತಿ, ಹೆಂಡತಿಯ ಬಾಯಿಂದ 'ಒಂದೇ ಸಲ' ಎನ್ನಿಸಿಕೊಂಡು ಹುಡುಕಿದ ಮಾತು ಅದು. ಗಣಪತಿ ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಹುಲ್ಲಿನಿಂದ ಏದುಸಿರು ಬಿಡುತ್ತಾ ಬಂದ ಶೆಟ್ಟಿಯನ್ನು ಕೇಳಿದ:

"ಶೆಟ್ರೇ, ಅಲ್ಲಿಗೆ ಹ್ಯಾಗ್ ಹೋದ್ರಿ? ಗಾಡಿ ಹಿಂದಿಂದ ಸುತ್ಕೊಂಡಾ?"

"ಇಲ್ಲಪ್ಪ. ಬಯಲಲ್ಲೇ ಹೋದೆ, ನಿಮ್ಮಿಬ್ಬರ ಎದುರಿಗೆ. ಕೈ ಬೇರೆ ಬೀಸ್ದೆ. ನೀವು ನನ್ನನ್ನೇ ನೋಡ್ತಾ ಇದ್ರಿ."

ಗಣಪತಿ ಕೋವಿಯ ಗುಂಡು ತೆಗೆದು ಬ್ರೆಟ್‌ನ ಅಂಗೈಯಲ್ಲಿಟ್ಟ. ಆಮೇಲೆ ಕೋವಿಯನ್ನೂ ಕೊಟ್ಟ.

"ಕಾಗದ ಬೇಡ," ಎಂದ ಇಂಗ್ಲಿಷಿನಲ್ಲಿ. "ಇವನು ಬಯಲಲ್ಲಿ ನಡೆದುಹೋದ. ನನಗೆ ಕಾಣಲಿಲ್ಲ. ಇವತ್ತು ಗಾಡಿ ಹತ್ತಿರ ಇಲ್ಲ ಅಂತ ಗೊತ್ತಾಯ್ತು, ಅದೃಷ್ಟ. ನಾಳೆ ಗಾಡಿಯೇ ಕಣ್ಣಿಗೆ ಸಿಗದಿದ್ದರೆ?"

"ನಾನು ಹಿಂದೆ ನಿಂತಿರ್ತೀನಲ್ಲ."

"ಇವತ್ತೂ ನಿಂತಿದ್ದೆ."

ಬ್ರೆಟ್ ತನ್ನ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಬ್ರಿಸ್ಬೇನಿನವರೆಗೆ ಶೆಟ್ಟಿ ಕಾರು ಓಡಿಸಿದ. ದಾರಿಯಲ್ಲಿ ಅವನು ಎರಡು ಸಲ ಮಾತು ಶುರುಮಾಡಿದ. ಎರಡು ಸಲವೂ ಅದು ಅಕ್ಕಿಯ ಬಗ್ಗೆ ಹೊರಟು ಅರ್ಧಕ್ಕೆ ನಿಂತಿತು. ಒಂದು ಸರ್ವೋದಲ್ಲಿ, ಎಂದರೆ ಅಲ್ಲಿಯ ಪೆಟ್ರೋಲ್ ಬಂಕಿನಲ್ಲಿ, ನಿಲ್ಲಿಸಿದಾಗ ಗಣಪತಿ ಮನೆಗೆ ಫೋನ್ ಮಾಡಿದ.

"ಜಾಹೀರಾತು ಬೇಡ ಅನ್ನು ದೇವಕಿ. ಎಲ್ಲಿಗೂ ಹೋಗ್ತಿಲ್ಲ."

"ಹಂದಿ ಸಿಗ್ಲಿಲ್ವಾ?"

"ಸಿಕ್ತು. ಬಿಟ್ಟೆ."

"ಊಟ ಆಯ್ತಾ?" ಎಂದಳು ದೇವಕಿ. ಅಷ್ಟಕ್ಕೆ ಗಣಪತಿಯ ಭುಜ ಅಲುಗತೊಡಗಿತು. ಶೆಟ್ಟಿ ಪೆಟ್ರೋಲಿನ ಮೀಟರು ನೋಡುತ್ತಾ ನಿಂತ. ಟ್ಯಾಂಕು ತುಂಬಿದ ಮೇಲೂ ನೋಡುತ್ತಾ ನಿಂತ.

ಪರ್ತಿಗೆ ಬಂದ ವಾರದಲ್ಲೇ ಗಣಪತಿ ತನ್ನ ಕೋವಿಯನ್ನೂ ಲೈಸೆನ್ಸನ್ನೂ ಪೊಲೀಸರಿಗೆ ಒಪ್ಪಿಸಿದ. ಶೆಟ್ಟಿಯೇ ಕರೆದುಕೊಂಡು ಹೋಗಿದ್ದು. ಕೌಂಟರಿನ ಹಿಂದಿದ್ದ ಹುಡುಗಿ ಕಾರಣ ಕೇಳಿದಳು, ಅವನು ಹೇಳಿದ, ಅವಳು ಬರೆದುಕೊಂಡಳು. ಹೊರಗೆ ಬಂದು ಮೆಟ್ಟಿಲು ಇಳಿಯುವಾಗ ಶೆಟ್ಟಿ ಕೈ ಚಾಚಿದ. ಗಣಪತಿಗೆ ಆ ಕೈ ಕಾಣಲಿಲ್ಲ, ಅಥವಾ ಕಂಡರೂ ಬೇಡವಾಯಿತು. ಕಂಬಿ ತಡವಿಕೊಂಡು ತಾನೇ ಇಳಿದ. ಆ ಸೆಪ್ಟೆಂಬರಿನಲ್ಲಿ ಪಾರ್ಕಿಗೆ ಅವನು ಹೋಗಲಿಲ್ಲ. ದೇವಕಿ ಪಂದಿಕರಿ ಮಾಡಿ ಮಗಳ ಕೈಯಲ್ಲಿ ಕಳಿಸಿದಳು. ತಿಂದವರು ಚೆನ್ನಾಗಿದೆ ಎಂದರಂತೆ. ಶರ್ವಾಣಿ ಮನೆಗೆ ಬಂದು ಹೇಳಿದಾಗ ಗಣಪತಿ ಟೀವಿಯ ದನಿ ಜಾಸ್ತಿ ಮಾಡಿದ.

ಈಗ ಅವನ ಬೆರಳು ಮೂಗಿನಿಂದ ಹೊರಟರೆ ಕೆನ್ನೆಯವರೆಗೂ ಹೋಗುವುದಿಲ್ಲ. ಅಂಗಡಿಗೆ ದೇವಕಿಯ ತೋಳು ಹಿಡಿದು ಬರುತ್ತಾನೆ. ಅವತ್ತಿನ ಬೆಳಗಿನ ಬಗ್ಗೆ ಅವನೂ ಶೆಟ್ಟಿಯೂ ಮಾತಾಡುವುದಿಲ್ಲ. ಒಮ್ಮೆ ಮಾತ್ರ, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದಾಗ, ಶೆಟ್ಟಿ ಕೇಳಿದ: "ನಾನು ಅಲ್ಲಾಡ್ದೆ ನಿಂತಿದ್ದಿದ್ರೆ ನೀವು ಹೊಡೆದಿರ್ತಿದ್ರಾ?"

"ಹೊಡೆದಿರ್ತಿದ್ದೆ," ಎಂದ ಗಣಪತಿ. "ಬಿದ್ದಿರ್ತಿತ್ತು."

ಶೆಟ್ಟಿ ಗಣಪತಿಗೆ ತನ್ನ ಜೀವವನ್ನೂ, ಒಂದು ಹಂದಿಯನ್ನೂ ಕೊಡಬೇಕಿದೆ.